ಮೀನು ಹಿಡಿದ ಕಾರಣ ಎರಡು ದಿನ ರಜೆ

ತೂಕ ಮತ್ತು ಅಳತೆ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಒಬ್ಬ ರೆಕಾರ್ಡು ಗುಮಾಸ್ತರಿದ್ದರು. ಯಾರು ಏನೇ ಹೇಳಲಿ, ಅವರ ಮಾತು "ಹಾಗಲ್ಲಪ್ಪ ಅದು" ಎಂದೇ ಶುರುವಾಗುತ್ತಿತ್ತು. ಇವತ್ತು ಬಿಸಿಲು ಜೋರು ಎಂದರೆ, "ಹಾಗಲ್ಲಪ್ಪ ಅದು, ಬಿಸಿಲು ಅಷ್ಟೇನಿಲ್ಲ, ಸೆಕೆ ಜೋರು" ಎನ್ನುತ್ತಿದ್ದರು. ಹೌದು ಸ್ವಾಮಿ, ಸೆಕೆ ಜೋರು ಎಂದು ಒಪ್ಪಿಕೊಂಡರೆ, "ಹಾಗಲ್ಲಪ್ಪ ಅದು, ಫ್ಯಾನು ತಿರುಗ್ತಿಲ್ಲ." ಹೀಗಾಗಿ ಅವರ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಕಚೇರಿಯಲ್ಲೂ ಬೀದಿಯಲ್ಲೂ ಅವರು ಹಾಗಲ್ಲಪ್ಪ ಎಂದೇ ಖಾಯಂ ಆಗಿದ್ದರು.

ಹಾಗಲ್ಲಪ್ಪನವರಿಗೆ ಕೂತಲ್ಲಿ ಕೂತು ಅಭ್ಯಾಸವಿರಲಿಲ್ಲ. ಕೂತರೆ ಬಲಗಾಲು ಅಲ್ಲಾಡುತ್ತಿತ್ತು, ಬಲಗಾಲನ್ನು ಹಿಡಿದುಕೊಂಡರೆ ಎಡಗಾಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರನ್ನು ಚಿನ್ನದಂಗಡಿಗಳ ತಕ್ಕಡಿ ಪರೀಕ್ಷಿಸುವ ಕೋಣೆಯಲ್ಲಿ ಕೂರಿಸಿದ್ದರು. ಅವರು ಕುರ್ಚಿಗೆ ಒರಗಿದ ಕೂಡಲೇ ಸೂಕ್ಷ್ಮ ತಕ್ಕಡಿಯ ಮುಳ್ಳು ನಡುಗಲು ಹತ್ತಿ, ಒಂದೇ ವಾರದಲ್ಲಿ ಊರಿನ ಅಷ್ಟೂ ಅಕ್ಕಸಾಲಿಗರು ಮೋಸಗಾರರೆಂದು ವರದಿಯಾಯಿತು. ಆಮೇಲೆ ಅವರನ್ನು ನೆಲಮಾಳಿಗೆಯ ರೆಕಾರ್ಡು ಕೋಣೆಗೆ ಹಾಕಿದರು. ಅಲ್ಲಿ ಎಷ್ಟು ಅಲ್ಲಾಡಿದರೂ ದೂಳು ಮಾತ್ರ ಏಳುತ್ತಿತ್ತು.

ಅವರ ಹೆಂಡತಿ ಮನೆಯಲ್ಲೇ ಬ್ಯಾಗು, ಸೂಟ್‌ಕೇಸು, ಕೊಡೆ ರಿಪೇರಿ ಮಾಡುತ್ತಿದ್ದರು. ಆಕೆಗೆ ಮಾತು ಕಡಿಮೆ. ಹಲ್ಲಿನ ನಡುವೆ ಸದಾ ದಾರ ಕಚ್ಚಿಕೊಂಡಿರುತ್ತಿದ್ದದ್ದು ಅದಕ್ಕೆ ಒಂದು ಕಾರಣ. ಏನಾದರೂ ಹೇಳಿದರೆ ಹಾಗಲ್ಲಪ್ಪ ಅನ್ನಿಸಿಕೊಳ್ಳಬೇಕಲ್ಲ ಎಂಬುದು ಇನ್ನೊಂದು.

ಆ ವರ್ಷ ರಜೆಗೆ ಗಂಡ ಹೆಂಡಿರು ಬೆಚ್ಚನೆಯ ಸಮುದ್ರವಿರುವ ಊರೊಂದಕ್ಕೆ ಹೋದರು. ಜೊತೆಗೆ ಹೆಂಡತಿಯ ತಂಗಿ, ಆ ತಂಗಿಯ ಗಂಡ. ಈ ಷಡ್ಡಕನಿಗೆ ನೆಲದ ಟೈಲ್ಸ್ ಅಂಗಡಿ. ಬೆಟ್ಟ ಹತ್ತಿದ್ದ, ಬಲೂನಿನಲ್ಲಿ ಹಾರಿದ್ದ, ಎಲ್ಲಕ್ಕೂ ಫೋನಿನಲ್ಲಿ ಫೋಟೋ ಸಾಕ್ಷಿ ಇಟ್ಟುಕೊಂಡಿದ್ದ. ತೀರದಲ್ಲಿ ಒಂದು ತಗಡಿನ ಶೆಡ್ಡಿನ ಮುಂದೆ "ಬೆನ್ನಿಗೆ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಕರೆದೊಯ್ಯಲಾಗುವುದು" ಎಂಬ ಬೋರ್ಡು ನೋಡಿದ್ದೇ ಅವನ ಎದೆ ಎರಡು ಇಂಚು ಉಬ್ಬಿತು.

"ಭಾವ, ನಾನು ಇಳೀತೀನಿ," ಎಂದ. "ನೀವು ದಡದಲ್ಲಿ ಚಪ್ಪಲಿ ನೋಡ್ಕೊಳ್ಳಿ."

ಬರಿ "ನೀವು ದಡದಲ್ಲಿರಿ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚಪ್ಪಲಿಯ ಮಾತು ಬಂದದ್ದರಿಂದ ಕೆಟ್ಟಿತು.

"ಹಾಗಲ್ಲಪ್ಪ ಅದು," ಎಂದರು ನಮ್ಮವರು. "ನಾನೂ ಇಳಿಯೋದು ಅಂತಲೇ ಬಂದಿದ್ದು."

ಹೆಂಡತಿ ಅವರ ಮುಖ ನೋಡಿದರು. ಸ್ನಾನದ ಮನೆಯ ಷವರಿನ ಕೆಳಗೂ ಗೋಡೆ ಹಿಡಿದು ನಿಲ್ಲುವ ಮನುಷ್ಯ ಇವರು.

ನೀರಿಗಿಳಿಸುವ ಮೇಷ್ಟ್ರು ಒಣಗಿದ ಹಗ್ಗದಂಥ ಆಸಾಮಿ. ಮೊಣಕಾಲುದ್ದದ ನೀರಿನಲ್ಲಿ ಇಬ್ಬರನ್ನೂ ನಿಲ್ಲಿಸಿ ಮೂರೇ ಮೂರು ಪಾಠ ಹೇಳಿದರು. ಒಂದು, ಉಸಿರು ಕಟ್ಟಬಾರದು. ಎರಡು, ಕಿವಿ ನೋವಾದರೆ ಮೂಗು ಮುಚ್ಚಿ ಊದಬೇಕು. ಮೂರು, ನೀರೊಳಗೆ ಮಾತಿಲ್ಲ, ಸನ್ನೆ ಮಾತ್ರ: ಬೆರಳನ್ನು ಸುತ್ತಿ ಸೊನ್ನೆ ಮಾಡಿದರೆ ಎಲ್ಲ ಸರಿ ಇದೆ ಎಂದು, ಹೆಬ್ಬೆರಳು ಎತ್ತಿದರೆ ಮೇಲಕ್ಕೆ ಹೋಗೋಣ ಎಂದು. ಹಾಗಲ್ಲಪ್ಪನವರು ಮೂರನ್ನೂ ಕೇಳಿ ಮೂರಕ್ಕೂ ತಿದ್ದುಪಡಿ ಸೂಚಿಸಿದರು. ಮೇಷ್ಟ್ರು ಅವರ ಕನ್ನಡಕ ಕಿತ್ತು, ನೀರಿನ ಕನ್ನಡಕ ಹಾಕಿ, ಬಾಯಿಗೆ ರಬ್ಬರಿನ ನಳಿಗೆ ತುರುಕಿದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಯಾವ ಮೇಲಧಿಕಾರಿಯಿಂದಲೂ ಮಾಡಲಾಗದ ಕೆಲಸ ಅದು. ಸ್ವಂತ ಕನ್ನಡಕ ಹೋದ ಮೇಲೆ ಹಾಗಲ್ಲಪ್ಪನವರಿಗೆ ಒಂದು ಮಾರಿನಾಚೆಯ ಜಗತ್ತೆಲ್ಲ ಗಂಜಿಯ ಹಾಗೆ ಕಾಣತೊಡಗಿತು. ಆ ಕನ್ನಡಕ ಹಿಡಿದುಕೊಳ್ಳಲು ಹೆಂಡತಿಯೂ ದೋಣಿ ಹತ್ತಿದರು. ಚಪ್ಪಲಿಗಳ ಜೊತೆ ದಡದಲ್ಲಿ ಉಳಿದವಳು ತಂಗಿ.

ದೋಣಿ ನಿಂತಿತು. ಷಡ್ಡಕ ಮೊದಲು ಹಾರಿದ, ಹಾಗಲ್ಲಪ್ಪನವರನ್ನು ಮೇಷ್ಟ್ರು ಏಣಿಯಿಂದ ಬಿಡಿಸಿ ಇಳಿಸಿದರು. ಎರಡಾಳು ಆಳ ಹೋಗಿರಲಿಲ್ಲ, ಷಡ್ಡಕ ಎರಡೂ ಕಿವಿ ಹಿಡಿದುಕೊಂಡು ಸೀದಾ ಮೇಲೆ ಬಂದ. ಏನೂ ತೊಂದರೆ ಇಲ್ಲವೆಂದು ತಿಳಿಸಲು ಹಾಗಲ್ಲಪ್ಪನವರು ಹೆಬ್ಬೆರಳು ಎತ್ತಿದರು. ಮೇಷ್ಟ್ರು ಅವರನ್ನೂ ಮೇಲೆ ತಂದರು. ಏಣಿಗೆ ನೇತುಹಾಕಿ ಕೇಳಿದರು, "ಏನಾಯ್ತು?" ಹಾಗಲ್ಲಪ್ಪನವರು ಚೆನ್ನಾಗಿದ್ದೇನೆಂದು ಮತ್ತೆ ಹೆಬ್ಬೆರಳು ಎತ್ತಿದರು. "ಮೇಲೇ ಇದ್ದೀವಲ್ಲ ಸಾರ್, ಇನ್ನೆಲ್ಲಿಗೆ ಹೋಗೋದು?" ಎಂದರು ಮೇಷ್ಟ್ರು.

ಅತ್ತ ಷಡ್ಡಕ ದೋಣಿಯ ಅಂಚಿಗೆ ಗದ್ದ ಊರಿ, ಬೆಳಗ್ಗೆ ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸುತ್ತಿದ್ದ. ಅವನ ಸಿಲಿಂಡರು ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಹೆಂಡತಿ ಅದನ್ನೊಮ್ಮೆ ನೋಡಿ, ಗಂಡನ ಕನ್ನಡಕವನ್ನು ಚೀಲದಲ್ಲಿಟ್ಟು, "ಇದನ್ನ ಯಾರೂ ಹಾಕ್ಕೊಂಡಿಲ್ಲವಲ್ಲ. ನಾನು ಬರ್ಲಾ?" ಎಂದರು.

ಮೇಷ್ಟ್ರು ಪಾಠ ಒಪ್ಪಿಸಿ ಎಂದರು. ದಡದಲ್ಲಿ ನಿಂತು ಕೇಳಿಸಿಕೊಂಡಿದ್ದ ಮೂರನ್ನೂ ಆಕೆ ಒಂದಕ್ಷರ ಬಿಡದೆ ಒಪ್ಪಿಸಿದರು. ಹತ್ತು ನಿಮಿಷ ಏಣಿಯ ಬುಡದಲ್ಲಿ ಉಸಿರಾಟ ಅಭ್ಯಾಸ ಮಾಡಿಸಿದ ಮೇಲೆ ಮೂವರೂ ಇಳಿದರು.

ಕೆಳಗೆ ಹಾಗಲ್ಲಪ್ಪನವರಿಗೆ ಕಂಡದ್ದು ನೀಲಿ, ಅದರೊಳಗೆ ಕೆಲವು ಬಣ್ಣದ ಕಲೆಗಳು. ಹೆಬ್ಬೆರಳುದ್ದದ ಒಂದು ಕಿತ್ತಳೆ ಬಣ್ಣದ ಮೀನು, ತನ್ನ ಮನೆಯ ಹತ್ತಿರ ಬಂದರೆಂದು ಸಿಟ್ಟಾಗಿ, ಅವರ ಮೂಗಿನ ಮುಂದಿನ ಗಾಜಿಗೆ ಹತ್ತು ಸಲ ಡಿಕ್ಕಿ ಹೊಡೆಯಿತು. ಅವರು ಹಿಂದೆ ಸರಿದು, ಕಂಡ ಬಂಡೆಯ ಮೇಲೆ ಕೂರಲು ಹೋದರು. ಬಂಡೆ ಎದ್ದು, ನಾಲ್ಕು ರೆಕ್ಕೆ ಬಡಿದು, ಆಮೆಯಾಗಿ ಹೊರಟುಹೋಯಿತು. ಕೂರಲು ಎಲ್ಲೂ ಜಾಗವಿಲ್ಲದ ಲೋಕದಲ್ಲಿ ಅವರು ಕೈಕಾಲು ಬಡಿಯುತ್ತಿರುವಾಗ ಹೊಟ್ಟೆಗೆ ಏನೋ ಬಂದು ಪಟ್ಟೆಂದು ಅಂಟಿತು.

ಅದು ಅಂಟುಮೀನು. ಒಂದು ಮೊಳ ಉದ್ದ; ತಲೆಯ ಮೇಲೆ ಬೂಟಿನ ಅಟ್ಟೆಯಂಥ ಗೀರುಗೀರಾದ ಪಟ್ಟಿ. ಸ್ವಂತ ಈಜುವುದಕ್ಕೆ ಸೋಮಾರಿತನ ಪಟ್ಟು, ದೊಡ್ಡ ಪ್ರಾಣಿಗಳ ಹೊಟ್ಟೆಗೆ ಅಂಟಿಕೊಂಡು ಲೋಕ ಸುತ್ತುವುದು ಅದರ ಕಸುಬು. ಹಾಗಲ್ಲಪ್ಪನವರ ಹೊಟ್ಟೆ ನೋಡಿ ಅದು ಏನೆಂದು ತಿಳಿದುಕೊಂಡಿತೋ ಅದಕ್ಕೇ ಗೊತ್ತು.

ಅವರು ನಳಿಗೆಯೊಳಗೇ ಕಿರುಚಿದರು. ಎರಡೂ ಕೈಯಿಂದ ಹೆಂಡತಿಯ ತೋಳು ಹಿಡಿದರು. ಆಕೆ ಮೀನಿನ ಬಾಲ ಹಿಡಿದು ಹಿಂದಕ್ಕೆ ಎಳೆದರು. ಅದು ಇನ್ನಷ್ಟು ಬಿಗಿಯಾಯಿತು. ಆಗ ಆಕೆ ಒಂದು ಕ್ಷಣ ಯೋಚಿಸಿ, ಸಿಕ್ಕಿಕೊಂಡ ಜಿಪ್ಪಿಗೆ ಮಾಡುವಂತೆ ಅದನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಸಲೀಸಾಗಿ ಬಿಟ್ಟಿತು. ಒಂದು ಸುತ್ತು ಹಾಕಿ ಬಂದು ಮತ್ತೆ ಅಲ್ಲೇ ಅಂಟಿತು. ಮತ್ತೆ ಬಿಡಿಸಿದರು, ಮತ್ತೆ ಬಂತು. ಮೂರನೆಯ ಸಲ ಹಾಗಲ್ಲಪ್ಪನವರು ಎರಡೂ ಹೆಬ್ಬೆರಳು ಎತ್ತಿದರು. ಈ ಸಲ ಸನ್ನೆಯೂ ಅರ್ಥವೂ ಒಂದೇ ಆಗಿತ್ತು.

ಊರಿಗೆ ಮರಳಿದಾಗ ಅವರ ಹೊಟ್ಟೆಯ ಮೇಲೆ ಯಾರೋ ಬೂಟುಗಾಲಲ್ಲಿ ಒದ್ದಂಥ ಗುರುತು ಕೆಂಪಗೆ ಎದ್ದಿತ್ತು, ಕಿವಿಯಲ್ಲಿ ನೀರು ನಿಂತಿತ್ತು. ಡಾಕ್ಟರು ಎರಡು ದಿನ ಮಲಗಿರಿ ಎಂದರು. ರಜೆ ಅರ್ಜಿ ಬರೆಯಬೇಕು. ಅರ್ಜಿಯ ವಿಷಯದಲ್ಲಿ ಹಾಗಲ್ಲಪ್ಪನವರು ಬಲು ಕಟ್ಟುನಿಟ್ಟು. ನಾಲ್ಕು ಕರಡು ಬರೆದು, ನಾಲ್ಕಕ್ಕೂ ಹಾಗಲ್ಲ ಎಂದು ಗೀಟು ಹೊಡೆದು, ಕೊನೆಗೆ ಚುಟುಕಾಗಿ ಬರೆದರು: "ಸಮುದ್ರದಾಳದಲ್ಲಿ ಮೀನು ಹಿಡಿದ ಕಾರಣ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ."

ನಮ್ಮ ಭಾಷೆಯಲ್ಲಿ ಇದೊಂದು ಕಷ್ಟವಿದೆ. ಮೀನು ಹಿಡಿಯಿತು ಎಂದರೂ ಮೀನು ಹಿಡಿದ ಎಂದರೂ, ಅರ್ಜಿಗೆ ಬೇಕಾದಂತೆ ಮೊಟಕು ಮಾಡಿದರೆ ಎರಡೂ "ಮೀನು ಹಿಡಿದ ಕಾರಣ" ಆಗಿಬಿಡುತ್ತದೆ. ಹಿಡಿದದ್ದು ಯಾರು, ಹಿಡಿಸಿಕೊಂಡದ್ದು ಯಾರು ಎಂಬುದು ಓದುವವರ ಧರ್ಮಕ್ಕೆ ಬಿಟ್ಟದ್ದು.

ಎರಡು ದಿನ ಬಿಟ್ಟು ಕಚೇರಿಗೆ ಹೋದರೆ ಮೆಟ್ಟಿಲಲ್ಲೇ ಟಪಾಲು ವಿಭಾಗದಾಕೆ ಅಡ್ಡಗಟ್ಟಿದರು. "ಏನ್ ಸಾರ್, ಸಮುದ್ರಕ್ಕೇ ಇಳಿದು ಮೀನು ಹಿಡಿದ್ರಂತೆ. ಬರಿಗೈಯಲ್ಲೋ ಬಲೆ ಇತ್ತೋ?"

"ಹಾಗಲ್ಲಮ್ಮ ಅದು," ಎಂದರು ಇವರು, "ಬಲೆ ಎಲ್ಲಿಂದ ಬರುತ್ತೆ."

"ಹಾಗಾದ್ರೆ ಬರಿಗೈಯಲ್ಲಿ," ಎಂದು ಆಕೆ ಒಳಗೆ ಹೋಗಿ ಸಾರಿದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮೇಲಿನ ಮಹಡಿಯ ಜನ ನೆಲಮಾಳಿಗೆಗೆ ಇಳಿದು ಬಂದರು. ಮೂವರು ಇನ್‌ಸ್ಪೆಕ್ಟರುಗಳು ಫೈಲಿನ ಗಂಟುಗಳ ಮೇಲೆ ಕೂತರು. ಹಾಗಲ್ಲಪ್ಪನವರಿಗೆ ನಿಜ ಹೇಳಬೇಕೆಂದೇ ಇತ್ತು. ಆದರೆ ಒಬ್ಬರು ಚಹಾ ತಂದು ಕೊಟ್ಟರು, ಇನ್ನೊಬ್ಬರು ಕುರ್ಚಿ ಎಳೆದು ಕೊಟ್ಟರು. ಕುರ್ಚಿ ಎಳೆದುಕೊಟ್ಟವರಿಗೆ "ನನ್ನನ್ನೇ ಮೀನು ಹಿಡಿಯಿತು" ಎಂದು ಹೇಗೆ ಹೇಳುವುದು?

"ತೂಕ ಎಷ್ಟಿತ್ತು?" ಎಂದರು ಹಿರಿಯ ಇನ್‌ಸ್ಪೆಕ್ಟರು. ತೂಕದ ಇಲಾಖೆ, ಬೇರೆ ಯಾವ ಪ್ರಶ್ನೆ ಬರಲು ಸಾಧ್ಯ?

"ಒಂದು ಕೆಜಿ ಇರಬಹುದು. ಹಾಗಲ್ಲಪ್ಪ, ಅದು ನೀರೊಳಗಿನ ತೂಕ."

"ನೀರೊಳಗೆ ಒಂದು ಕೆಜಿ ತೂಗಿದ್ರೆ ಹೊರಗೆ ಇಪ್ಪತ್ತು ಕೆಜಿ ಮೇಲಾಯ್ತಲ್ಲ," ಎಂದು ಎರಡನೆಯವರು ಕಾಗದ ಪೆನ್ನು ತೆಗೆದರು. ಉಪ್ಪುನೀರಿನ ಲೆಕ್ಕ ಬೇರೆ ಎಂದು ಮೂರನೆಯವರು ತಗಾದೆ ಎತ್ತಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೀನು ಇಪ್ಪತ್ತಮೂರು ಕೆಜಿ ನಾನ್ನೂರು ಗ್ರಾಮಿಗೆ ಇತ್ಯರ್ಥವಾಯಿತು. ಹಾಗಲ್ಲಪ್ಪನವರು ಅಷ್ಟು ಹೊತ್ತೂ ಎಡಗಾಲು ಅಲ್ಲಾಡಿಸುತ್ತಿದ್ದರು.

ಸಂಜೆ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಮುಚ್ಚಳದ ಪಾತ್ರೆ ಹಿಡಿದು ಬಂದರು. "ಅಷ್ಟು ದೊಡ್ಡ ಮೀನು ನೀವಿಬ್ಬರೇ ಏನು ಮಾಡ್ತೀರಿ ಅಂತ," ಎಂದು ಪಾತ್ರೆ ಮುಂದಿಟ್ಟರು.

ಪಕ್ಕದಲ್ಲಿ ಹೆಂಡತಿ ಮೆಷಿನ್ನಿನ ಮೇಲೆ ಬ್ಯಾಗು ಹೊಲಿಯುತ್ತಿದ್ದರು. ಹಾಗಲ್ಲಪ್ಪನವರು ಮೀನನ್ನು ದಯೆಯಿಂದ ಬಿಟ್ಟುಬಿಟ್ಟೆನೆಂದು ಹೇಳಿ, ಪೂರ್ತಿ ಪ್ರಸಂಗ ವಿವರಿಸಿದರು. ಮಾತಿನ ಭರದಲ್ಲಿ "ನಾನೂ ಮೇಷ್ಟ್ರೂ ಇಬ್ಬರೇ ಕೆಳಗೆ" ಎಂದರು. ಮೆಷಿನ್ನು ನಿಂತಿತು.

"ಮನೆಯವರು?" ಎಂದರು ಪೋಸ್ಟ್‌ಮಾಸ್ಟರು.

"ಇವಳು ದೋಣಿಯಲ್ಲಿದ್ದಳು."

ಮೆಷಿನ್ನು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿ. ಅದೇ ವಾರ ಅವರು ಈ ಕಥೆಯನ್ನು ಮತ್ತೆ ನಾಲ್ಕು ಜನಕ್ಕೆ ಹೇಳಿದರು. ನಾಲ್ಕನೆಯವರ ಹೊತ್ತಿಗೆ ಹೆಂಡತಿ ದೋಣಿಯಿಂದಲೂ ಇಳಿದು, ದಡದಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದರು. ಆಮೇಲೆ ಮನೆಯಲ್ಲಿ ಹಾಗಲ್ಲಪ್ಪನವರು "ಸಮುದ್ರ" ಎಂದು ಬಾಯಿ ತೆರೆದರೆ ಸಾಕು, ಮೆಷಿನ್ನು ಸದ್ದು ಮಾಡುತ್ತಿತ್ತು. ಹೊಲಿಯಲು ಬಟ್ಟೆ ಇದ್ದರೂ ಇಲ್ಲದಿದ್ದರೂ.

ಇಲಾಖೆಯಿಂದ ಮೂರು ತಿಂಗಳಿಗೊಂದು ವಾರ್ತಾಪತ್ರ ಹೊರಡುತ್ತಿತ್ತು. ಅದರ ಕೊನೆಯ ಪುಟದಲ್ಲಿ "ನಮ್ಮವರ ಸಾಧನೆ" ಎಂಬ ಚೌಕಟ್ಟಿನೊಳಗೆ ಹಾಕಲು ಯಾರ ಸಾಧನೆಯೂ ಇಲ್ಲದೆ ಎರಡು ವರ್ಷದಿಂದ ಗಿಡ ನೆಡಿ ಎಂದು ಅಚ್ಚಾಗುತ್ತಿತ್ತು. ಈ ಸಲ ಅಲ್ಲಿ ಹಾಗಲ್ಲಪ್ಪನವರ ಫೋಟೋ ಬಂತು: "ಸಮುದ್ರದಾಳದಲ್ಲಿ ಬರಿಗೈಯಲ್ಲಿ ಇಪ್ಪತ್ತಮೂರು ಕೆಜಿ ನಾನ್ನೂರು ಗ್ರಾಂ ತೂಕದ ಮೀನು ಹಿಡಿದ ನಮ್ಮ ರೆಕಾರ್ಡು ಗುಮಾಸ್ತರು." ವಾರ್ತಾಪತ್ರದ ಪ್ರತಿಗಳು ಎಲ್ಲ ಸರ್ಕಾರಿ ಕಚೇರಿಗಳಿಗೂ ಹೋಗುತ್ತವೆ. ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದಲೇ ಕಳಿಸುತ್ತಾರೆ. ಆದರೆ ಕಡಲ ಸಂರಕ್ಷಣಾ ಕಚೇರಿಯಲ್ಲಿ ಒಬ್ಬ ತನಿಖಾಧಿಕಾರಿ ಓದಿದರು.

ಹದಿನೈದು ದಿನದಲ್ಲಿ ಕೆಂಪು ಮುದ್ರೆಯ ಲಕೋಟೆ ಬಂತು. ಅವರು ಇಳಿದಿದ್ದ ಕೊಲ್ಲಿ ಸಂರಕ್ಷಿತ ವಲಯ. ಅಲ್ಲಿನ ಯಾವುದೇ ಜೀವಿಯನ್ನು ಹಿಡಿಯುವುದು, ಮುಟ್ಟುವುದು, ಇದ್ದ ಜಾಗದಿಂದ ಕದಲಿಸುವುದು ಅಪರಾಧ. ಅಪರಾಧ ರುಜುವಾತಾದರೆ ನೌಕರಿಯಿಂದ ತೆಗೆಯಲು ಶಿಫಾರಸು ಮಾಡಲಾಗುವುದು. ತನಿಖಾಧಿಕಾರಿ ಬರುವ ಗುರುವಾರ ಖುದ್ದಾಗಿ ಬರುತ್ತಾರೆ.

ಕಚೇರಿಯ ಸೂಪರಿಂಟೆಂಡೆಂಟರು ಓದಿ ಬೆವರಿದರು. "ಅಲ್ರೀ, ನಿಮ್ಮ ರಜೆ ಅರ್ಜಿಗೆ ಸಹಿ ಹಾಕಿದವನು ನಾನು. ಕಾರಣ ಓದಿಯೇ ಹಾಕಿದ್ದು. ಅಪರಾಧ ಮಾಡೋದಕ್ಕೆ ರಜೆ ಕೊಟ್ಟ ಹಾಗಾಯ್ತಲ್ಲ."

"ಹಾಗಲ್ಲ ಸಾರ್ ಅದು. ನಾನು ಹಿಡಿದಿಲ್ಲ. ಮೀನೇ ನನ್ನ ಹಿಡೀತು."

ಸೂಪರಿಂಟೆಂಡೆಂಟರು ಲಕೋಟೆಯಿಂದಲೇ ಗಾಳಿ ಬೀಸಿಕೊಂಡರು. "ಇದು ಇನ್ನೂ ಕೆಟ್ಟದಾಗಿದೆ," ಎಂದರು. "ಇಷ್ಟು ವರ್ಷ ತಕ್ಕಡಿ ಇಲಾಖೆಯಲ್ಲಿದ್ದು ನೀವು ಬೆಪ್ಪುತಕ್ಕಡಿಯಾದ್ರಲ್ಲ. ಇದನ್ನ ಯಾರು ನಂಬ್ತಾರೆ? ಸಾಕ್ಷಿ ಯಾರಿದ್ದಾರೆ?"

ಹೊಟ್ಟೆಯ ಮೇಲಿನ ಗುರುತು ಎಂದೋ ಮಾಸಿಹೋಗಿತ್ತು. ನೀರಿಗಿಳಿಸುವ ಮೇಷ್ಟ್ರು ಋತು ಮುಗಿಯಿತೆಂದು ಶೆಡ್ಡಿಗೆ ಬೀಗ ಜಡಿದು ಎಲ್ಲಿಗೋ ಹೋಗಿದ್ದರು. ಹಾಗಲ್ಲಪ್ಪನವರು ಷಡ್ಡಕನ ಅಂಗಡಿಗೆ ಓಡಿದರು. ಅಲ್ಲಿ ಬಾಗಿಲಲ್ಲೇ ಆಳೆತ್ತರದ ಫೋಟೋ: ರಬ್ಬರು ಅಂಗಿ ತೊಟ್ಟ ಷಡ್ಡಕ, ಕೆಳಗೆ "ಸಮುದ್ರದಡಿಯಲ್ಲೂ ಜಾರದ ಟೈಲ್ಸ್."

"ಭಾವ, ತಪ್ಪು ತಿಳೀಬೇಡಿ," ಎಂದ ಷಡ್ಡಕ, ಅವರನ್ನು ಗೋದಾಮಿನ ಮೂಲೆಗೆ ಕರೆದು ದನಿ ತಗ್ಗಿಸಿ. "ನಾನು ಬಂದು ನೀವು ಏನು ಮಾಡಿದ್ರಿ ಅಂತ ಹೇಳಿದ್ರೆ, ಆ ಹೊತ್ತಿಗೆ ನಾನು ಎಲ್ಲಿದ್ದೆ ಅಂತಾನೂ ಕೇಳ್ತಾರೆ. ನಂಗೆ ವ್ಯಾಪಾರ ಇದೆ."

ಗುರುವಾರದ ಹಿಂದಿನ ದಿನದವರೆಗೂ ಹಾಗಲ್ಲಪ್ಪನವರು ಮನೆಯೊಳಗೆ ಅಡುಗೆ ಕೋಣೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆ ಕೋಣೆಗೆ ಶತಪಥ ತಿರುಗಿದರು. ಕೊನೆಗೆ ಮೆಷಿನ್ನಿನ ಮುಂದೆ ನಿಂತು, "ನಾಳೆ ನೀನೊಂದು ಸಲ ಕಚೇರಿಗೆ ಬರ್ಬೇಕಾಗುತ್ತೆ" ಎಂದರು.

ಹೆಂಡತಿ ದಾರ ಕಚ್ಚಿ ತುಂಡು ಮಾಡಿದರು. "ಬರ್ತೀನಿ."

ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಅವರಿಗೆ ಇನ್ನೂ ಹೆದರಿಕೆಯಾಯಿತು.

ತನಿಖಾಧಿಕಾರಿ ಕೂದಲು ನರೆತ ಹೆಂಗಸು. ನಾಲ್ಕು ಗಂಟೆ ಬಸ್ಸಿನಲ್ಲಿ ಬಂದು ಸೊಂಟ ಹಿಡಿದಿತ್ತು. ಸೂಪರಿಂಟೆಂಡೆಂಟರ ಕೋಣೆಯಲ್ಲಿ, ಅವರ ಕುರ್ಚಿಯಲ್ಲೇ ಕೂತು ಫೈಲು ಬಿಚ್ಚಿದರು. ಟಪಾಲು ವಿಭಾಗದಾಕೆ ಬರೆದುಕೊಳ್ಳಲು ಕೂತರು. ಇನ್‌ಸ್ಪೆಕ್ಟರುಗಳು ಬಾಗಿಲ ಸಂದಿಯಲ್ಲಿ ಸಾಲಾಗಿ ನಿಂತರು.

"ಆ ದಿನ ನೀರೊಳಗೆ ಇವರ ಜೊತೆ ಇದ್ದವರು ನೀವೇನಾ?" ಎಂದು ಅಧಿಕಾರಿ ಹೆಂಡತಿಯನ್ನು ಕೇಳಿದರು.

"ನಾನಾ?" ಎಂದರು ಹೆಂಡತಿ, ಸೆರಗು ಸರಿಮಾಡಿಕೊಂಡು. "ನಾನು ದಡದಲ್ಲಿ ಚಪ್ಪಲಿ ಕಾಯ್ತಿದ್ದೆ. ಬೇಕಾದ್ರೆ ನಮ್ಮ ಬೀದಿಯಲ್ಲಿ ಯಾರನ್ನಾದ್ರೂ ಕೇಳಿ."

ಹಾಗಲ್ಲಪ್ಪನವರ ಬಲಗಾಲು ಅಲ್ಲಾಡುತ್ತಿತ್ತು, ಎಡಗಾಲೂ ಅಲ್ಲಾಡುತ್ತಿತ್ತು. ಎರಡೂ ಒಟ್ಟಿಗೆ ಅಲ್ಲಾಡಿದ್ದರಿಂದ ಎದ್ದು ನಿಲ್ಲಲೇಬೇಕಾಯಿತು.

"ಹಾಗಲ್ಲ ಮೇಡಂ," ಎಂದರು. "ಇವಳು ಕೆಳಗಿದ್ದಳು. ದಡದಲ್ಲಿದ್ದಳು ಅಂತ ನಾನೇ ಹೇಳಿಕೊಂಡು ಬಂದೆ. ಮೊದಲು ದೋಣಿ ಅಂದೆ, ಆಮೇಲೆ ದಡ ಅಂದೆ. ಮೀನು ನನ್ನ ಹೊಟ್ಟೆಗೆ ಅಂಟಿಕೊಂಡಿತು. ನಾನು ಕಿರುಚಿದೆ. ನೀರೊಳಗೆ ಯಾರಿಗೂ ಕೇಳಲ್ಲ, ಆದ್ರೂ ಕಿರುಚಿದೆ. ಇವಳ ತೋಳು ಹಿಡ್ಕೊಂಡು ನೇತಾಡಿದೆ. ಇವಳೇ ಅದನ್ನ ಬಿಡಿಸಿದ್ದು. ತೂಕ ಇಪ್ಪತ್ತಮೂರು ಕೆಜಿ ಅಲ್ಲ. ಒಂದು ಮೊಳ ಇತ್ತು, ಅಷ್ಟೇ. ಅದನ್ನೂ ನಾನು ಸರಿಯಾಗಿ ನೋಡಿಲ್ಲ, ಕನ್ನಡಕ ಇರಲಿಲ್ಲ."

ಬಾಗಿಲ ಸಂದಿಯಲ್ಲಿ ಯಾರೋ ಕೆಮ್ಮಿದರು. ಹಿರಿಯ ಇನ್‌ಸ್ಪೆಕ್ಟರು ಜೇಬಿನಿಂದ ಲೆಕ್ಕದ ಕಾಗದ ತೆಗೆದು ಮಡಚಿ ಮಡಚಿ ಸಣ್ಣದು ಮಾಡಿದರು.

ಅಧಿಕಾರಿ ತಲೆ ಎತ್ತಿದರು. "ಅಂದ್ರೆ ಮೀನನ್ನ ಕೈಯಲ್ಲಿ ಮುಟ್ಟಿದವರು ನಿಮ್ಮ ಮನೆಯವರು."

"ಹೌದು ಮೇಡಂ, ಇವಳೇ," ಎಂದರು ಹಾಗಲ್ಲಪ್ಪನವರು ಹಗುರಾಗಿ.

"ಇದ್ದ ಜಾಗದಿಂದ ಕದಲಿಸಿದವರೂ ಅವರೇ." ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಇವರ ಮೇಲೆ ಬರೀಬೇಕಾಗುತ್ತೆ. ನಿಮ್ಮನ್ನ ಬಿಟ್ಟೆ."

ಹಾಗಲ್ಲಪ್ಪನವರ ಎರಡೂ ಕಾಲು ಇದ್ದಲ್ಲೇ ನಿಂತವು. ಅಲ್ಲಾಡುವುದನ್ನು ನಿಲ್ಲಿಸಿದ ಆ ಕಾಲುಗಳನ್ನು ಕಚೇರಿಯವರು ಮೊದಲ ಸಲ ನೋಡಿದರು.

"ಬರೀಬೇಡಿ," ಎಂದರು. "ನಾನೇ ಹಿಡಿದೆ. ವಾರ್ತಾಪತ್ರದಲ್ಲಿ ಇರೋದೇ ಸರಿ. ಬರಿಗೈಯಲ್ಲಿ ಹಿಡಿದೆ. ಇಪ್ಪತ್ತಮೂರು ಕೆಜಿ."

"ಈಗಷ್ಟೇ ಒಂದು ಮೊಳ ಅಂದ್ರಿ."

"ಅಗಲ ಜಾಸ್ತಿ ಇತ್ತು ಮೇಡಂ."

ಹೆಂಡತಿ ಅವರ ಕಡೆ ತಿರುಗಿದರು. ಸುಮಾರು ಎರಡು ತಿಂಗಳಿನಿಂದ ಆಕೆ ಗಂಡನ ಮುಖವನ್ನು ನೇರವಾಗಿ ನೋಡಿರಲಿಲ್ಲ. "ಸುಮ್ನೆ ಕೂತ್ಕೊಳ್ಳಿ," ಎಂದರು. ಆಮೇಲೆ ಅಧಿಕಾರಿಗೆ, "ಮುಟ್ಟಿದ್ದು ನಾನೇ. ಎಳೆದ್ರೆ ಬಿಗಿಯಾಗುತ್ತೆ, ಮುಂದಕ್ಕೆ ತಳ್ಳಿದ್ರೆ ಬಿಡುತ್ತೆ. ಸಿಕ್ಕಿಕೊಂಡ ಜಿಪ್ಪು ಇದ್ದ ಹಾಗೆ. ಇವರಿಗೆ ಜಿಪ್ಪೂ ಬಿಡಿಸೋಕೆ ಬರಲ್ಲ, ಮೀನನ್ನೇನು ಬಿಡಿಸ್ತಾರೆ."

"ನಾನೇ ಬಿಡಿಸಿದ್ದು," ಎಂದರು ಹಾಗಲ್ಲಪ್ಪನವರು.

"ನಾನು."

"ಹಾಗಲ್ಲ ಕಣೇ, ನೀನು ದಡದಲ್ಲಿದ್ದೆ."

"ಈಗ ದಡಕ್ಕೆ ಕಳಿಸ್ಬೇಡಿ. ನಾನು ಕೆಳಗಿದ್ದೆ ಅಂತ ನೀವೇ ಹೇಳಿದ್ದು, ಬರೆದುಕೊಂಡಿದ್ದಾರೆ."

ಟಪಾಲು ವಿಭಾಗದಾಕೆ ಬರೆದುಕೊಂಡಿದ್ದೇನೆಂದು ತಲೆ ಆಡಿಸಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಸೊಂಟ ನೀವಿಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿಲ್ಲ ಎನ್ನುವವರನ್ನೇ ನೋಡಿದ್ದ ಆಕೆಗೆ, ನಾನೇ ಮಾಡಿದ್ದು ಎಂದು ಜಗಳಾಡುವ ಎರಡು ಜನರನ್ನು ಎಲ್ಲಿ ನಮೂದಿಸಬೇಕೆಂದು ತಿಳಿಯಲಿಲ್ಲ.

"ಒಂದು ಹೇಳಿ," ಎಂದರು ಹೆಂಡತಿಗೆ. "ಬಿಡಿಸಿ ಏನು ಮಾಡಿದ್ರಿ?"

"ಏನೂ ಇಲ್ಲ. ಅದು ಮತ್ತೆ ಬಂದು ಇವರ ಹೊಟ್ಟೆಗೇ ಅಂಟಿತು."

"ಎಷ್ಟು ಸಲ?"

"ಮೂರು ಸಲ. ಇವರು ಮೇಲೆ ಹತ್ತೋವರೆಗೂ ಬಿಡಲಿಲ್ಲ. ಇದ್ದ ಜಾಗದಿಂದ ಕದಲಿಸಿದ್ರಿ ಅಂತೀರಲ್ಲ, ಅದರ ಜಾಗ ಇವರ ಹೊಟ್ಟೆ. ನಾನು ಕದಲಿಸಿದ್ರೂ ಅದು ಕದಲಲಿಲ್ಲ."

ಅಧಿಕಾರಿ ನಿಯಮದ ಪುಸ್ತಕ ತೆಗೆದು ಹಿಂದು ಮುಂದು ತಿರುವಿದರು. "ಹೊಟ್ಟೆ ಸಂರಕ್ಷಿತ ವಲಯದಲ್ಲಿ ಬರಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

"ಬರಲ್ಲ ಮೇಡಂ," ಎಂದರು ಸೂಪರಿಂಟೆಂಡೆಂಟರು ಆತುರದಿಂದ. "ಅದು ನಮ್ಮ ಇಲಾಖೆಯದು."

ಅಧಿಕಾರಿ ಹಾಗಲ್ಲಪ್ಪನವರ ರಜೆ ಅರ್ಜಿಯನ್ನು ಫೈಲಿನಿಂದ ಹೊರತೆಗೆದು ಇನ್ನೊಮ್ಮೆ ಓದಿದರು. "ನಿಮ್ಮ ಕಚೇರಿಯಲ್ಲಿ ಯಾರಿಗೂ ವಿಭಕ್ತಿ ಗೊತ್ತಿಲ್ವ? 'ಮೀನು ನನ್ನನ್ನು' ಅಂತ ಬರೆದಿದ್ರೆ ನಾನು ನಾಲ್ಕು ಗಂಟೆ ಬಸ್ಸಲ್ಲಿ ಬರಬೇಕಿರಲಿಲ್ಲ. ಒಂದು 'ಅನ್ನು' ಬಿಟ್ಟಿದ್ದಕ್ಕೆ ನನ್ನ ಸೊಂಟ ಹೋಯ್ತು." ಆಮೇಲೆ ವರದಿಯಲ್ಲಿ ತಮ್ಮ ಕೈಯಾರೆ, ಒಂದೊಂದು ಅಕ್ಷರವನ್ನೂ ಒತ್ತಿ ಬರೆದರು: "ಮೀನು ಗುಮಾಸ್ತರನ್ನು ಹಿಡಿದಿದೆ. ಗುಮಾಸ್ತರು ಮೀನನ್ನು ಹಿಡಿದಿಲ್ಲ. ಗುಮಾಸ್ತರ ಪತ್ನಿ ಮೀನಿನಿಂದ ಗುಮಾಸ್ತರನ್ನು ಬಿಡಿಸಿದ್ದಾರೆ. ಗುಮಾಸ್ತರನ್ನು ಬಿಡಿಸುವುದಕ್ಕೆ ನಿಷೇಧವಿಲ್ಲ." ಕೆಳಗೆ ಸಹಿ, ಮೊಹರು.

ಸಂಜೆ ಕಚೇರಿ ಬಿಟ್ಟ ಮೇಲೆ ಗಂಡ ಹೆಂಡಿರು ಬಸ್ ನಿಲ್ದಾಣದಲ್ಲಿ ನಿಂತರು. ಕಾದಿದ್ದವರು ಹದಿನೈದಿಪ್ಪತ್ತು ಜನ. ಹಾಗಲ್ಲಪ್ಪನವರು ಕೈಚೀಲವನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸಿದರು. ಕ್ಷಮಿಸು ಎನ್ನಬೇಕೆಂದು ಮೂರು ಸಲ ಬಾಯಿ ತೆರೆದರು. ಆ ಮಾತು ಅವರಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಬೇರೆ.

"ನೀನು ಕೆಳಗೆ ಏನೇನು ನೋಡಿದೆ?"

ಹೆಂಡತಿ ಅವರನ್ನು ಅನುಮಾನದಿಂದ ನೋಡಿದರು. ಊರಿಗೆ ಮರಳಿ ಎರಡು ತಿಂಗಳಾಗುತ್ತ ಬಂದಿತ್ತು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಆ ಅಂಟುಮೀನು ಎಲ್ಲಿಂದ ಬಂತು ಗೊತ್ತಾ ನಿಮಗೆ?"

"ಸಮುದ್ರದಿಂದ."

"ಅದು ಇನ್ನೊಂದರ ಹೊಟ್ಟೆಗೆ ಅಂಟಿಕೊಂಡಿತ್ತು. ಅಲ್ಲಿಂದ ಬಿಟ್ಟು ನಿಮಗೆ ಅಂಟಿತು. ಆ ಇನ್ನೊಂದು ನಿಮ್ಮ ಬೆನ್ನ ಹಿಂದೇನೇ ಹೋಯ್ತು. ನೀವು ನನ್ನ ತೋಳು ಹಿಡ್ಕೊಂಡು ನೇತಾಡ್ತಿದ್ರಿ, ನಾನು ನಿಮ್ಮ ಭುಜದ ಮೇಲಿಂದ ನೋಡ್ತಿದ್ದೆ."

"ಏನದು?"

"ಶಾರ್ಕ್. ತಿಮಿಂಗಿಲದಷ್ಟು ದೊಡ್ಡದು. ಏನೂ ಮಾಡಲ್ಲವಂತೆ ಪಾಪ, ಸುಮ್ನೆ ಬಾಯಿ ತೆರ್ಕೊಂಡು ಹೋಗುತ್ತೆ. ನಮ್ಮ ಮನೆ ಬಾಗಿಲಷ್ಟು ಅಗಲ ಬಾಯಿ. ಮೈ ತುಂಬ ಬಿಳಿ ಚುಕ್ಕಿ, ಸಾಲುಸಾಲಾಗಿ, ಯಾರೋ ಕೂತು ಕಸೂತಿ ಹಾಕಿದ ಹಾಗೆ. ಮೇಷ್ಟ್ರು ದೋಣಿಯಲ್ಲಿ ಕುಣಿದಾಡಿಬಿಟ್ರು, ಹನ್ನೊಂದು ವರ್ಷದಲ್ಲಿ ಎರಡನೇ ಸಲ ನೋಡಿದ್ದಂತೆ. ನಿಮ್ಮ ಕಿವಿಗೆ ನೀರು ತುಂಬಿತ್ತು."

ಹಾಗಲ್ಲಪ್ಪನವರು ಕೈಚೀಲವನ್ನು ನೆಲಕ್ಕಿಟ್ಟರು. ಒಂದು ಮೊಳದ ಮೀನಿಗಾಗಿ ಎರಡು ತಿಂಗಳು ಊರೆಲ್ಲ ಹೇಳಿಕೊಂಡು ತಿರುಗಿದ್ದು, ಆ ಹೊತ್ತಿಗೆ ತಮ್ಮ ಬೆನ್ನ ಹಿಂದೆ ಹೋದದ್ದು, ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?"

"ಹೇಳೋದಕ್ಕೆ ನೀವು ಬಿಟ್ರೆ ತಾನೆ."

ಅವರ ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ಉದ್ದ ಎಷ್ಟಿತ್ತು?" ಎಂದರು ಹಾಗಲ್ಲಪ್ಪನವರು. ಇಲಾಖೆಯ ಮನುಷ್ಯ, ಕೇಳದೆ ಇರಲಾಗಲಿಲ್ಲ.

"ಅಡಿ ಲೆಕ್ಕ ನಂಗೆ ಗೊತ್ತಾಗಲ್ಲ. ತೋರಿಸ್ತೀನಿ ಬನ್ನಿ." ಆಕೆ ನಿಲ್ದಾಣದ ಕಂಬದ ಹತ್ತಿರ ಹೋಗಿ, "ಇಲ್ಲಿ ಮೂತಿ" ಎಂದರು. ಅಲ್ಲಿಂದ ಹೆಜ್ಜೆ ಹಾಕತೊಡಗಿದರು. ಹಾಗಲ್ಲಪ್ಪನವರು ಪಕ್ಕದಲ್ಲೇ ಎಣಿಸುತ್ತ ನಡೆದರು. ಇಲ್ಲಿ ಕಣ್ಣು, ಎಂದರು ಆಕೆ, ಗೋಲಿಯಷ್ಟೇ ಇತ್ತು. ಇಲ್ಲಿ ಕಿವಿರು. ಇಲ್ಲಿ ಪಕ್ಕದ ರೆಕ್ಕೆ. ನೀವು ಕಾಲು ಬಡಿಯೋದು ನೋಡಿ ಇಲ್ಲಿಂದ ಒಂಚೂರು ಸರೀತು. ಸರತಿಯಲ್ಲಿ ನಿಂತಿದ್ದವರು ಏನೋ ಸರ್ಕಾರಿ ಅಳತೆ ಎಂದು ತಿಳಿದು ಹಿಂದೆ ಸರಿದು ದಾರಿ ಬಿಟ್ಟರು. ಆರು, ಏಳು, ಎಂಟು. ಪತ್ರಿಕೆ ಅಂಗಡಿ ದಾಟಿತು. ಒಂಬತ್ತು, ಹತ್ತು. ನಿಲ್ದಾಣದ ಚಾವಣಿ ಮುಗಿಯಿತು. ಹಾಗಲ್ಲಪ್ಪನವರು ನಿಂತು ಬೆವರು ಒರೆಸಿಕೊಂಡರು.

ಹೆಂಡತಿ ತಿರುಗಿ ನೋಡಲಿಲ್ಲ. ಬೀದಿಯ ತಿರುವಿನ ಕಡೆಗೆ ಹೆಜ್ಜೆ ಹಾಕುತ್ತಲೇ ಇದ್ದರು.

"ನಿಲ್ಬೇಡಿ," ಎಂದರು. "ಬಾಲ ಇನ್ನೂ ಮುಂದಿದೆ."